ನಳಿಗೆಯನ್ನು ಅದರ ಪಾಡಿಗೆ ಬಿಡಿ

ಕೇಳುಗರಿಗೆ ನಮಸ್ಕಾರ.

ಎನ್‌ಸಿಸಿ ಮಕ್ಕಳು, ಸೇನೆಗೆ ಸೇರಬೇಕು ಅಂತ ಬೆಳಗ್ಗೆ ಎದ್ದು ಓಡುವ ಹುಡುಗರು, ಇವರೆಲ್ಲ ನನ್ನನ್ನು ಕಂಡರೆ ಒಂದೇ ಮಾತು ಕೇಳುತ್ತಾರೆ. 'ಸರ್, ತಾನಾಗಿ ಲೋಡ್ ಆಗುವ ರೈಫಲ್‌ನಲ್ಲಿ ಬೋಲ್ಟ್ ಹಿಂದೆ ಮುಂದೆ ಓಡುತ್ತೆ. ಆ ಕುಲುಕಾಟಕ್ಕೇ ಗುರಿ ತಪ್ಪೋದು ಅಲ್ವಾ?'

ಅಲ್ಲ. ನೂರು ಸಲ ಹೇಳಿದ್ದೇನೆ, ಇವತ್ತೂ ಹೇಳುತ್ತೇನೆ. ಬೋಲ್ಟ್ ಅಂದರೆ ನಳಿಗೆಯ ಹಿಂಬದಿಯನ್ನು ಮುಚ್ಚುವ ಲೋಹದ ತುಂಡು. ಅದು ಹಿಂದಕ್ಕೆ ಸರಿಯುವಷ್ಟರಲ್ಲಿ ಗುಂಡು ಹೊರಟು ಹೋಗಿರುತ್ತದೆ.

ನಾನು ಕಲಿತದ್ದು, ಕಲಿಸಿದ್ದು ಎರಡೂ ಎಸ್‌ಎಲ್‌ಆರ್ ಮೇಲೆ, ಅಂದರೆ ಸೆಲ್ಫ್ ಲೋಡಿಂಗ್ ರೈಫಲ್. ಬೆಲ್ಜಿಯಂನ ಫಾಲ್ ರೈಫಲ್‌ನ ಮಾದರಿ, ಬಂಗಾಳದ ಇಶಾಪುರದಲ್ಲಿ ತಯಾರಾದದ್ದು. 7.62 ಮಿ.ಮೀ. ಗುಂಡು, 533 ಮಿ.ಮೀ. ನಳಿಗೆ. ಅಷ್ಟು ದೂರ ದಾಟಲು ಗುಂಡಿಗೆ ಸೆಕೆಂಡಿನ ಸಾವಿರದ ಒಂದು ಪಾಲಿಗಿಂತ ಚೂರು ಜಾಸ್ತಿ ಹೊತ್ತು ಸಾಕು. ಹಿಂದಿನಿಂದ ನುಗ್ಗುವ ಗ್ಯಾಸ್‌ನಲ್ಲಿ ಒಂದಿಷ್ಟು, ನಳಿಗೆಯ ಸಣ್ಣ ತೂತಿನಿಂದ ಮೇಲೆ ಬಂದು ಪಿಸ್ಟನ್ ತಳ್ಳುತ್ತದೆ. ಪಿಸ್ಟನ್ ಬೋಲ್ಟನ್ನು ತಳ್ಳುತ್ತದೆ.

ಹಾಗಾದರೆ ಗುರಿ ಕೆಡಿಸುವುದು ಯಾವುದು? ನಳಿಗೆಯ ಮೇಲೆ ಹೊರಗಿನಿಂದ ಬೀಳುವ ಭಾರ ಮತ್ತು ಒತ್ತಡ. ಗುಂಡು ಹಾರುವಾಗ ನಳಿಗೆ ನಡುಗುತ್ತದೆ. ನಡುಗಲಿ ಬಿಡಿ. ಪ್ರತಿ ಸಲವೂ ಒಂದೇ ಥರ ನಡುಗಬೇಕು, ಅಷ್ಟೇ.

ಒಬ್ಬ ಹುಡುಗನ ಕತೆ ಹೇಳುತ್ತೇನೆ. ಉತ್ತರ ಕರ್ನಾಟಕದವನು, ಆಗಷ್ಟೇ ಭರ್ತಿಯಾಗಿ ಬಂದಿದ್ದ. ಬೆಳಗ್ಗೆ ನೂರು ಮೀಟರ್‌ನಲ್ಲಿ ಐದು ಗುಂಡು ಹೊಡೆದ. ಐದೂ ಅಂಗೈಯಲ್ಲಿ ಮುಚ್ಚುವಷ್ಟು ಒತ್ತಾಗಿ ಬಿದ್ದವು. ಊಟ ಆಗಿ ಬಂದ. ಮತ್ತೆ ಐದು. ಗುಂಪು ಹಾಗೇ ಒತ್ತಾಗಿದೆ, ಆದರೆ ಇಡೀ ಗುಂಪೇ ಮೇಲಕ್ಕೆ ಹೋಗಿದೆ! 'ಈ ರೈಫಲ್ ಬೇಡ ಉಸ್ತಾದ್, ಬೇರೆ ಕೊಡಿ' ಅಂದ. ಮುಖ ಸಣ್ಣದಾಗಿತ್ತು. ನಾನು ಗುರಿ ನೋಡುವ ಸೈಟ್ ಮುಟ್ಟಲಿಲ್ಲ. ಅವನ ಪಕ್ಕದಲ್ಲೇ ನೆಲಕ್ಕೆ ಮಲಗಿ 'ಇನ್ನೊಂದು ಹೊಡಿ' ಅಂದೆ. ಹೊಡೆದ. ಆಮೇಲೆ ರೈಫಲ್ ತಿರುಗಿಸಿ ನೋಡಿದೆ. ನಳಿಗೆಯ ಕೆಳಗೆ, ಎಣ್ಣೆ ಸವರಿದ ಕಡೆ, ಮರಳಿನ ಕಾಳು ಸಾಲಾಗಿ ಅಂಟಿಕೊಂಡಿದ್ದವು. ಬೆಳಗ್ಗೆ ಮರಳು ಚೀಲದ ಮೇಲೆ ಕೈಹಿಡಿ, ಅಂದರೆ ನಳಿಗೆಯ ಸುತ್ತ ಕೈಯಲ್ಲಿ ಹಿಡಿಯುವ ಕವಚ, ಇಟ್ಟಿದ್ದ. ಊಟದ ನಂತರ ಮುಂದಕ್ಕೆ ಜರುಗಿ ಮಲಗಿದ್ದ, ಚೀಲಕ್ಕೆ ನಳಿಗೆಯೇ ತಾಗಿತ್ತು. ಒಂದು ಗೇಣು ಹಿಂದಕ್ಕೆ ಎಳೆಸಿದೆ. ಗುಂಪು ವಾಪಸ್ ಬೆಳಗಿನ ಜಾಗಕ್ಕೇ ಬಂತು. ಆ ಹುಡುಗ ನಕ್ಕದ್ದು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ.

ಹೊತ್ತು ಕಡಿಮೆ ಇದೆ, ಉಳಿದದ್ದನ್ನು ಬೇಗ ಹೇಳುತ್ತೇನೆ.

ಎಕೆ-47 ರೈಫಲ್‌ನಲ್ಲಿ ಭಾರದ ಪಿಸ್ಟನ್, ಬೋಲ್ಟನ್ನು ಹೊತ್ತು ಓಡುವ ಕ್ಯಾರಿಯರ್‌ಗೇ ಸೇರಿಕೊಂಡಿದೆ. ನಮ್ಮ ದೇಶದ ಇನ್ಸಾಸ್ ರೈಫಲ್ ಕೂಡ ಅದೇ ಜಾತಿ. ಅಮೆರಿಕದ ರೈಫಲ್ ವಿನ್ಯಾಸಕ ಯೂಜಿನ್ ಸ್ಟೋನರ್ ತಮ್ಮ ಎಆರ್-15 ರೈಫಲ್‌ನಲ್ಲಿ ನಳಿಗೆಯ ಮೇಲಿನ ಪಿಸ್ಟನ್ ಸರಳನ್ನೇ ತೆಗೆದುಹಾಕಿದರು. ತೆಳು ಕೊಳವೆಯಲ್ಲಿ ಗ್ಯಾಸ್ ನೇರ ಹಿಂದಕ್ಕೆ ಹೋಗುತ್ತದೆ. ನಳಿಗೆಯ ಮೇಲಿನ ಭಾರ ಇಳಿಯಿತು. ಸ್ಪರ್ಧೆಯವರು ಕೈಹಿಡಿಯೂ ಹೆಗಲ ಪಟ್ಟಿಯೂ ನಳಿಗೆಗೆ ತಾಗದಂತೆ ಮಾಡಿಕೊಂಡರು. ಒಹಾಯೊದ ಕ್ಯಾಂಪ್ ಪೆರ್ರಿ ಪಂದ್ಯಗಳಲ್ಲಿ 1990ರ ದಶಕದಲ್ಲಿ ಎಆರ್-15, ಅಮೆರಿಕ ಸೇನೆಯ ಹಳೆಯ ರೈಫಲ್ ಎಂ-14 ಅನ್ನು ಹಿಂದೆ ಹಾಕಿತು. ಒಂದು ಕಾರಣ ಅದೇ. ನಳಿಗೆಯನ್ನು ಅದರ ಪಾಡಿಗೆ ಬಿಟ್ಟರು.

ಎಸ್‌ಎಲ್‌ಆರ್‌ನಲ್ಲಿ ಇನ್ನೊಂದು ವಿಷಯ. ನಳಿಗೆ ರೈಫಲ್‌ನ ಮೇಲಿನ ಭಾಗದಲ್ಲಿದೆ, ಹಿಂದಿನ ಸೈಟ್ ಕೆಳಗಿನ ಭಾಗದಲ್ಲಿದೆ. ಎರಡೂ ಭಾಗಗಳನ್ನು ಹಿಡಿದಿಡುವ ನಡುವಿನ ಬೀಗ ಸಡಿಲವಾದರೆ ಎಷ್ಟು ಉಸಿರು ಹಿಡಿದರೂ ಪ್ರಯೋಜನ ಇಲ್ಲ. ಗುರಿ ತಪ್ಪಿತು ಅಂತ ಸುಮ್ನೆ ಪಿಸ್ಟನ್‌ಗೆ ಹೋಗುವ ಗ್ಯಾಸ್ ಹೆಚ್ಚು ಕಡಿಮೆ ಮಾಡುವ ಗ್ಯಾಸ್ ರೆಗ್ಯುಲೇಟರ್ ತಿರುಗಿಸಬೇಡಿ. ಅದು ಇರುವುದು ರೈಫಲ್ ಸರಿಯಾಗಿ ಲೋಡ್ ಆಗಲಿಕ್ಕೆ. ಮೊದಲು ಆ ಬೀಗ ಅಲುಗಾಡಿಸಿ ನೋಡಿ, ಆಮೇಲೆ ಚೀಲದ ಮೇಲೆ ಏನು ಕೂತಿದೆ ನೋಡಿ. ನಮಸ್ಕಾರ.