‘ಕಂಪನಿಗೆ ಹೇಳಿ’ ಅಂದವರಿಗೆ ಏನು ಹೇಳಬೇಕು?

(ಕ್ಯಾಮೆರಾ ಹತ್ತಿರಕ್ಕೆ. ಕೈಯಲ್ಲಿ ಬಲಗಾಲಿನ ಶೂ.)

ನಮಸ್ಕಾರ. ಇದನ್ನು ಸ್ವಲ್ಪ ನೋಡಿ. ಹೆಬ್ಬೆರಳಿನ ಹತ್ತಿರ ಸೋಲ್ ಹೇಗೆ ಬಾಯಿ ಬಿಟ್ಟಿದೆ! ಒಳಗೆ ಅಂಟಿನ ಗೆರೆ ಕಾಣಿಸ್ತಿದೆ ಅಲ್ವಾ? ಅದು ಅರ್ಧಕ್ಕೇ ನಿಂತಿದೆ. ಅಲ್ಲಿಂದ ಮುಂದೆ ಅಂಟೇ ಹಾಕಿಲ್ಲ.

ತಗೊಂಡು 19 ದಿನ ಆಗಿತ್ತು. ಅಂಗಡಿಗೆ ಹೋದೆ. ಅವರು ಶೂ ಮುಟ್ಟಿ ಸಹ ನೋಡಲಿಲ್ಲ. "ಕಂಪನಿಗೆ ಹೇಳಿ, ನಮ್ದೇನಿಲ್ಲ" ಅಂದರು. ಗೋಡೆ ಕಡೆ ಕೈ ತೋರಿಸಿದರು. ಅಲ್ಲೊಂದು ಬೋರ್ಡ್: "ಒಮ್ಮೆ ಮಾರಿದ ವಸ್ತುವನ್ನು ವಾಪಸ್ ಪಡೆಯುವುದಿಲ್ಲ."

ನಾನು ಬಾಯಿ ಮುಚ್ಚಿಕೊಂಡು ಬಂದೆ. ಗೋಡೆ ಮೇಲೆ ಬರೆದಿದ್ದೆಲ್ಲ ಕಾನೂನು ಅಂತ ಅಂದುಕೊಂಡಿದ್ದೆ. ಮನೆಗೆ ಬಂದು ಓದಿದ ಮೇಲೆ ಗೊತ್ತಾಯಿತು, ಅದು ಬರೀ ಬಣ್ಣ ಬಳಿದ ತಗಡು.

(ತೆರೆಯ ಮೇಲೆ: ಇಷ್ಟವಾಗಲಿಲ್ಲವೋ? ಕೆಟ್ಟಿದೆಯೋ?)

ಇವೆರಡೂ ಬೇರೆ ಬೇರೆ. ಬಣ್ಣ ಹಿಡಿಸಲಿಲ್ಲ, ಮನಸ್ಸು ಬದಲಾಯಿತು ಅಂದರೆ ವಾಪಸ್ ತಗೊಳ್ಳುವುದು ಬಿಡುವುದು ಸಾಮಾನ್ಯವಾಗಿ ಅಂಗಡಿಯವರ ಇಷ್ಟ. ಆನ್‌ಲೈನ್ ಖರೀದಿಗೆ ಐರೋಪ್ಯ ಒಕ್ಕೂಟದಲ್ಲಿ 14 ದಿನ ಕಾಲಾವಕಾಶ ಇದೆ, ಕಾರಣವನ್ನೂ ಹೇಳಬೇಕಿಲ್ಲ. ಆದರೆ ವಸ್ತುವಿನಲ್ಲೇ ದೋಷ ಇದ್ದರೆ ಬೋರ್ಡಿನ ಆಟ ನಡೆಯುವುದಿಲ್ಲ. ಆಸ್ಟ್ರೇಲಿಯಾದಲ್ಲಂತೂ ‘ಹಣ ವಾಪಸ್ ಇಲ್ಲ’ ಅಂತ ಬೋರ್ಡ್ ಹಾಕುವುದೇ ಕಾನೂನಿಗೆ ವಿರುದ್ಧ.

ಭಾರತದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ‘ಅನುಚಿತ ವ್ಯಾಪಾರ ಪದ್ಧತಿ’ ಅನ್ನುವ ಮಾತಿದೆ. ಅದರ ಪಟ್ಟಿಯಲ್ಲಿ ಏನಿದೆ ಗೊತ್ತಾ? ದೋಷ ಇರುವ ವಸ್ತುವನ್ನು ವಾಪಸ್ ತಗೊಂಡು ಹಣ ಕೊಡಲು ಒಪ್ಪದಿರುವುದು. ಬಿಲ್ಲಿನಲ್ಲಿ ಅವಧಿ ಬರೆದಿದ್ದರೆ ಅಷ್ಟರೊಳಗೆ, ಬರೆದಿಲ್ಲದಿದ್ದರೆ 30 ದಿನದೊಳಗೆ. ಬಿಲ್ ಕೊಡದಿರುವುದೂ ಅದೇ ಪಟ್ಟಿಯಲ್ಲಿದೆ. ನನ್ನ ಬಿಲ್ಲಿನಲ್ಲಿ ಅವಧಿ ಬರೆದಿರಲಿಲ್ಲ. 19 ದಿನ. ಲೆಕ್ಕ ನೀವೇ ಹಾಕಿ.

ಬ್ರಿಟನ್ನಿನ 2015ರ ಗ್ರಾಹಕ ಹಕ್ಕುಗಳ ಕಾಯ್ದೆಯಲ್ಲೂ ಮೊದಲ 30 ದಿನದಲ್ಲಿ ದೋಷ ಕಂಡರೆ ವಸ್ತು ಕೊಟ್ಟು ಪೂರ್ತಿ ಹಣ ಕೇಳಬಹುದು. ಆಮೇಲಾದರೆ ಮಾರಿದವರಿಗೆ ಒಂದು ಅವಕಾಶ ಕೊಡಬೇಕು. ರಿಪೇರಿ ಮಾಡಲಿ, ಇಲ್ಲವೇ ಬದಲಿ ಕೊಡಲಿ. ಅದೂ ಸರಿಹೋಗದಿದ್ದರೆ ಮತ್ತೆ ಹಣದ ಮಾತು.

ಇನ್ನು ಈ "ಕಂಪನಿಗೆ ಹೇಳಿ" ಅನ್ನುವ ಮಾತು. ನನಗೆ ಜಾಸ್ತಿ ಸಿಟ್ಟು ಬರುವುದು ಇಲ್ಲೇ. ದುಡ್ಡು ಎಣಿಸಿಕೊಂಡವರು ಇವರು, ಮಾತಾಡಬೇಕಾದವರು ಬೇರೆಯವರಂತೆ! ಬ್ರಿಟನ್, ಯುರೋಪಿನಲ್ಲಿ ಮೊದಲ ಹೊಣೆ ಮಾರಿದವರದ್ದೇ. ವಾರಂಟಿ ಕಾರ್ಡ್ ಅನ್ನುವುದು ಕಂಪನಿ ತಾನಾಗಿ ಕೊಡುವ ಹೆಚ್ಚಿನ ಮಾತು, ಕಾನೂನಿನ ಹಕ್ಕನ್ನು ಅದು ಅಳಿಸುವುದಿಲ್ಲ. ಭಾರತದಲ್ಲಿ ಮಾರಿದವರು, ತಯಾರಿಸಿದವರು, ಇಬ್ಬರನ್ನೂ ಒಂದೇ ದೂರಿನಲ್ಲಿ ಸೇರಿಸಬಹುದು.

(ತೆರೆಯ ಮೇಲೆ: ಕಂದು ಬಣ್ಣದ ಬಾಟಲಿಯ ಚಿತ್ರ)

ತಯಾರಿಸಿದವರ ಹೊಣೆ ಹೇಗೆ ಬಂತು ಅನ್ನುವುದಕ್ಕೆ ಒಂದು ಬಸವನಹುಳದ ಕಥೆ ಇದೆ. 1928, ಸ್ಕಾಟ್ಲೆಂಡಿನ ಪೇಸ್ಲಿ. ಮೇ ಡನಹ್ಯೂ ಎಂಬಾಕೆಗೆ ಗೆಳತಿಯೊಬ್ಬರು ಜಿಂಜರ್ ಬಿಯರ್, ಅಂದರೆ ಶುಂಠಿಯ ಪಾನೀಯ, ಕೊಡಿಸಿದರು. ಒಳಗಿರುವುದು ಕಾಣುವಂಥ ಬಾಟಲಿ ಅಲ್ಲ. ಅರ್ಧ ಕುಡಿದಾಗಿದೆ. ಉಳಿದದ್ದನ್ನು ಬಗ್ಗಿಸಿದಾಗ ಕೊಳೆತ ಬಸವನಹುಳ ಹೊರಬಿತ್ತು ಅಂತ ಆಕೆಯ ದೂರು. ತೊಡಕು ಏನಪ್ಪಾ ಅಂದರೆ, ದುಡ್ಡು ಕೊಟ್ಟವರು ಗೆಳತಿ. ಡನಹ್ಯೂಗೂ ಅಂಗಡಿಗೂ ವ್ಯವಹಾರವೇ ಇಲ್ಲ. ಹಾಗಾಗಿ ಪಾನೀಯ ತಯಾರಿಸಿದವರ ಮೇಲೆಯೇ ಕೇಸ್ ಹಾಕಿದರು. 1932ರಲ್ಲಿ ಆಗಿನ ಅತ್ಯುನ್ನತ ನ್ಯಾಯಾಲಯವಾಗಿದ್ದ ಲಂಡನ್ನಿನ ಹೌಸ್ ಆಫ್ ಲಾರ್ಡ್ಸ್‌ನಲ್ಲಿ ಮೂವರು ನ್ಯಾಯಾಧೀಶರು ಹೌದೆಂದರು, ಇಬ್ಬರು ಇಲ್ಲವೆಂದರು. ಬಳಸುವವರ ಬಗ್ಗೆ ತಯಾರಕರು ಎಚ್ಚರ ವಹಿಸಲೇಬೇಕು ಅಂತಾಯಿತು. ತಮಾಷೆ ಅಂದರೆ, ಬಾಟಲಿಯಲ್ಲಿ ಹುಳ ಇತ್ತು ಅಂತ ಕೋರ್ಟಿನಲ್ಲಿ ಸಾಬೀತಾಗಲೇ ಇಲ್ಲ. ಅಷ್ಟರಲ್ಲಿ ರಾಜಿಯಾಯಿತು.

ಸರಿ, ವಸ್ತು ಕೈಯಲ್ಲಿದ್ದರೆ ತೋರಿಸಬಹುದು. ಸೇವೆ ಆದರೆ? ಗೋಡೆಗೆ ಬಣ್ಣ ಹೊಡೆಸಿದಿರಿ, ತಿಂಗಳಿಗೇ ಚಕ್ಕೆ ಏಳುತ್ತಿದೆ. ಇದು ‘ಸೇವಾ ನ್ಯೂನತೆ’ ಆಗಬಹುದು. ಕೇಳಬೇಕಾದ ಮುಖ್ಯ ಪ್ರಶ್ನೆ: ಆ ಕೆಲಸ ಬಲ್ಲವರು ವಹಿಸುವಷ್ಟು ಎಚ್ಚರ ವಹಿಸಿದರಾ? ಹಳೇ ಬಣ್ಣ ಕೆರೆಯದೆ, ಒದ್ದೆ ಗೋಡೆ ಮೇಲೆ ಹಾಗೇ ಬಳಿದಿದ್ದರೆ ಇಲ್ಲ ಅಂತಲೇ ಉತ್ತರ. ಮತ್ತೆ ಮಾಡಿಕೊಡಿ ಅಂತ ಮೊದಲು ಕೇಳಿ. ಆದರೆ ಬೇರೆಯವರನ್ನು ಕರೆಸಿ ಸರಿಮಾಡಿಸುವ ಮುಂಚೆ ಫೋಟೊ ತೆಗೆದುಕೊಳ್ಳಿ. ಆಮೇಲೆ ತೋರಿಸಲು ಏನೂ ಉಳಿದಿರುವುದಿಲ್ಲ.

ಶೂ ವಿಷಯದಲ್ಲಿ ನಾನು ಮಾಡಿದ್ದೂ ಅದೇ. ಹಾಕಿಕೊಳ್ಳುವುದು ನಿಲ್ಲಿಸಿದೆ. ಫೆವಿಕಾಲ್ ಹಚ್ಚೋಣ ಅನ್ನಿಸಿತ್ತು, ಹಚ್ಚಲಿಲ್ಲ. ಫೋಟೊ ತೆಗೆದೆ. ಅಂಗಡಿಗೆ ಮತ್ತೆ ಹೋಗಿ ಜಗಳ ಆಡುವ ಬದಲು ಮೆಸೇಜ್ ಹಾಕಿದೆ, ಕಂಪನಿಗೂ ಕಳಿಸಿದೆ.

(ತೆರೆಯ ಮೇಲೆ ಮೆಸೇಜ್)

"ಇಂಥ ದಿನ, ಇಂಥ ಬಿಲ್ ನಂಬರಿನಲ್ಲಿ ಶೂ ಖರೀದಿಸಿದ್ದೇನೆ. 19ನೇ ದಿನಕ್ಕೆ ಸೋಲ್ ಕಿತ್ತುಬಂದಿದೆ, ಫೋಟೊ ಲಗತ್ತಿಸಿದ್ದೇನೆ. ಅದೇ ದಿನ ಅಂಗಡಿಗೆ ಬಂದಾಗ ವಾಪಸ್ ಪಡೆಯಲಿಲ್ಲ. 7 ದಿನದೊಳಗೆ ಹಣ ಹಿಂದಿರುಗಿಸಿ. ಇಲ್ಲದಿದ್ದರೆ ಗ್ರಾಹಕ ಆಯೋಗಕ್ಕೆ ದೂರು ಕೊಡುತ್ತೇನೆ."

ಬೈಗುಳ ಇಲ್ಲ, ಕಣ್ಣೀರೂ ಇಲ್ಲ. ದಿನ, ದೋಷ, ಬೇಡಿಕೆ, ಗಡುವು, ಅಷ್ಟೇ. ಕಾರ್ಡಿನಲ್ಲಿ ಹಣ ಕೊಟ್ಟಿದ್ದರೆ ಬ್ಯಾಂಕಿಗೂ ತಿಳಿಸಿ ಚಾರ್ಜ್‌ಬ್ಯಾಕ್, ಅಂದರೆ ಆ ಹಣವನ್ನು ಬ್ಯಾಂಕ್ ಮೂಲಕ ವಾಪಸ್, ಕೇಳಬಹುದು. ಭಾರತದಲ್ಲಿ ಗ್ರಾಹಕ ಸಹಾಯವಾಣಿಯ ನಂಬರ್ 1915. ಗ್ರಾಹಕರ ದೂರು ವಿಚಾರಿಸುವ ಆ ಆಯೋಗಕ್ಕೆ ಹೋಗಲು ಎರಡು ವರ್ಷ ಸಮಯ ಇದೆ. ನೀವಿರುವ ಊರಿನ ಜಿಲ್ಲೆಯಲ್ಲೇ ದೂರು ಕೊಡಬಹುದು, ವಕೀಲರು ಬೇಕೇ ಬೇಕು ಅಂತಿಲ್ಲ.

ನಾನು ಅಲ್ಲಿವರೆಗೆ ಹೋಗಬೇಕಾಗಲಿಲ್ಲ. ಆರನೇ ದಿನ ಅಂಗಡಿಯಿಂದ ಫೋನ್. "ಬಾಕ್ಸ್ ಇದೆಯಾ? ಬಾಕ್ಸ್ ಇಲ್ದೆ ಆಗಲ್ಲ." ಬಾಕ್ಸಿನಲ್ಲಿ ಆಗಲೇ ಹಳೇ ಚಾರ್ಜರುಗಳು ಸಂಸಾರ ಹೂಡಿದ್ದವು, ಮುಚ್ಚಳ ಎಲ್ಲಿ ಹೋಯಿತೋ. "ಬಾಯಿ ಬಿಟ್ಟಿರೋದು ಶೂ, ಬಾಕ್ಸ್ ಅಲ್ವಲ್ಲ" ಅಂದೆ. ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, "ಸಂಜೆ ಬನ್ನಿ" ಅಂದರು.