ಕೊಚ್ಚಿ ಸುತ್ತಿ ಬಂದ ವಾಷರ್

ನಮಸ್ಕಾರ. ಕಾಸರಗೋಡು ಜಿಲ್ಲೆಯ ಕುಂಬಳೆಯ ನಮ್ಮ ಮನೆಯ ಅಡಿಕೆ ಚೀಲಗಳ ನಡುವಿನಿಂದ ಮತ್ತೊಮ್ಮೆ ಮಾತನಾಡುತ್ತಿದ್ದೇನೆ. ಚೀಲಗಳಿದ್ದರೆ ಧ್ವನಿ ಪ್ರತಿಧ್ವನಿಸುವುದಿಲ್ಲ. ಸ್ಟುಡಿಯೋ ಕಟ್ಟಿಸಲು ಹಣವಿಲ್ಲದವನ ಉಪಾಯ ಇದು.

ಹೋದ ಸಂಚಿಕೆಯ ಕೆಳಗೆ ಒಬ್ಬ ಮಹನೀಯರು ಬರೆದಿದ್ದಾರೆ: "ತಿರುವನಂತಪುರದ ಬಳಿ ವಿಳಿಂಜಂ ಬಂದರು ಆಯಿತು, ಆರು ಪಥದ ಹೆದ್ದಾರಿ ಆಯಿತು. ಇನ್ನು ಐದು ವರ್ಷದಲ್ಲಿ ಸರಕು ಸಾಗಣೆಯಲ್ಲಿ ನಾವೇ ಸಿಂಗಾಪುರ. ನೀವು ಗೊಣಗುವುದನ್ನು ನಿಲ್ಲಿಸಿ."

ಅದನ್ನು ಓದುವ ಹೊತ್ತಿಗೆ ನಾನು ಒಂದು ವಾಷರಿಗಾಗಿ ಕಾಯುತ್ತಾ ಕುಳಿತಿದ್ದೆ. ಅಡಿಕೆಗೆ ಮದ್ದು ಬಿಡುವ ಪಂಪಿನ ವಾಷರ್, ಹಳೆಯ ಎಂಟಾಣೆ ನಾಣ್ಯದಷ್ಟು ಅಗಲ. ಹೊರಟದ್ದು ಮಂಗಳೂರಿನಿಂದ. ಮಂಗಳೂರು ನಮಗೆ 40 ಕಿಲೋಮೀಟರಿನ ಆಸುಪಾಸು. ಹಲ್ಲು ನೋವಿಗೂ ಮದುವೆಯ ಸೀರೆಗೂ ಅಲ್ಲಿಗೇ ಹೋಗುತ್ತೇವೆ. ಆ ವಾಷರ್ ಮೊದಲು ಬೆಂಗಳೂರಿಗೆ ಹೋಯಿತು. ಅಲ್ಲಿಂದ ಕೊಚ್ಚಿಗೆ. ಏಕೆಂದರೆ ನಮ್ಮ ಪಿನ್‌ಕೋಡ್ 671ರಿಂದ ಶುರುವಾಗುತ್ತದೆ. ಎಂದರೆ ನಾವು ಕೇರಳದವರು, ಕೇರಳದ ಸಾಮಾನು ಕೊಚ್ಚಿಯ ಗೋದಾಮು ಕಂಡೇ ಬರಬೇಕಂತೆ. ಎಂಟು ದಿನ! ಇಷ್ಟು ಊರನ್ನು ನಾನೂ ಸುತ್ತಿಲ್ಲ ಮಾರಾಯರೇ. ಅಂಗಡಿಯವರು ಅದನ್ನು ಒಂದು ಲಕೋಟೆಗೆ ಹಾಕಿ ಬೆಳಿಗ್ಗೆಯ ಕಾಸರಗೋಡು ಬಸ್ಸಿನ ಡ್ರೈವರನ ಕೈಗೆ ಕೊಟ್ಟಿದ್ದರೆ ಮಧ್ಯಾಹ್ನದ ಊಟಕ್ಕೆ ಮುಂಚೆ ಪಂಪು ತಿರುಗುತ್ತಿತ್ತು.

ಎಂಟು ದಿನ ಎಂದರೆ ಏನೆಂದು ಅಡಿಕೆ ತೋಟ ಇಲ್ಲದವರಿಗೆ ತಿಳಿಯುವುದಿಲ್ಲ. ಕೊಳೆರೋಗಕ್ಕೆ ಬೋರ್ಡೋ ದ್ರಾವಣವನ್ನು ಮಳೆ ಹಿಡಿಯುವ ಹೊತ್ತಿಗೆ ಒಮ್ಮೆ ಬಿಡಬೇಕು, 40-45 ದಿನ ಕಳೆದು ಇನ್ನೊಮ್ಮೆ. ಮೈಲುತುತ್ತು, ಸುಣ್ಣ ಬೆರೆಸಿದ ಮೇಲೆ ಅಂದೇ ಮುಗಿಸಬೇಕು. ನಾಳೆಗೆ ಇಟ್ಟರೆ ಅದು ನೀಲಿ ನೀರು. ಮಳೆ ಬಿಡುವು ಕೊಡಬೇಕು, ಮರ ಏರುವವನು ಅದೇ ದಿನ ಸಿಗಬೇಕು, ಪಂಪು ಅದೇ ದಿನ ಓಡಬೇಕು. ಬೇಕಾದದ್ದು, ಬೇಕಾದಷ್ಟು, ಬೇಕಾದಾಗ ಎಂದು ಜಪಾನಿನ ಟೊಯೊಟಾ ಕಂಪನಿ ಕಾರು ಕಟ್ಟುವ ಪದ್ಧತಿಯನ್ನೇ ಕಟ್ಟಿತು. ನಮ್ಮ ಅಜ್ಜಂದಿರು ಅದನ್ನೇ ಮಳೆಗಾಲದ ಆಕಾಶ ನೋಡಿ ಮಾಡುತ್ತಿದ್ದರು, ಆದರೆ ಯಾರೂ ಅವರನ್ನು ಭಾಷಣಕ್ಕೆ ಕರೆಯಲಿಲ್ಲ.

ಹಾಗಾಗಿ ನನ್ನ ಮಾತು ಒಂದೇ. ಒಂದು ದೇಶ ಸರಕು ಸಾಗಣೆಯ ಕೇಂದ್ರವಾಗುವುದು ಸಮುದ್ರದ ಆಳದಿಂದಲ್ಲ, ರಸ್ತೆಯ ಅಗಲದಿಂದಲ್ಲ. ಸಾಮಾನು ಹೇಳಿದ ದಿನಕ್ಕೆ ಬರಬೇಕು. ಅಷ್ಟೇ.

ವಿಳಿಂಜಂನಲ್ಲಿ 18ರಿಂದ 20 ಮೀಟರ್ ಆಳ ಸಹಜವಾಗಿಯೇ ಇದೆ, ಅಂತರರಾಷ್ಟ್ರೀಯ ಹಡಗು ಮಾರ್ಗ ಹತ್ತಿರದಲ್ಲೇ ಇದೆ ಎಂದು ನೀವು ಹೇಳುತ್ತೀರಿ. ಇದೆ, ಒಪ್ಪಿದೆ. 2025ರ ಜೂನಿನಲ್ಲಿ ಎಂಎಸ್‌ಸಿ ಇರಿನಾದಂಥ ದೈತ್ಯ ಹಡಗು ಬಂದಾಗ ನಾನೂ ವಿಡಿಯೋವನ್ನು ಎರಡು ಸಲ ನೋಡಿದೆ. ಹಡಗು ಬಂತು, ಸರಿ. ಆಳವಾದ ಬಾವಿ ತೋಡಿದವನ ಮನೆಯಲ್ಲಿ ಹಗ್ಗ ಮೋಟಾಗಿದ್ದರೆ ನೀರು ಮೇಲೆ ಬರುತ್ತದೆಯೇ?

ಸಿಂಗಾಪುರದ ಹೆಸರು ನೀವೇ ಎತ್ತಿದಿರಿ, ಅಲ್ಲಿಗೇ ಹೋಗೋಣ. 1989ರಲ್ಲಿ ಅವರು ಟ್ರೇಡ್‌ನೆಟ್ ಎಂಬ ವ್ಯವಸ್ಥೆ ತಂದರು. ಅದಕ್ಕೆ ಮುಂಚೆ ವ್ಯಾಪಾರಿ ಬೇರೆ ಬೇರೆ ಇಲಾಖೆಗಳಿಗೆ ಕಾಗದ ಹಿಡಿದು ಅಲೆಯುತ್ತಿದ್ದ, ಅನುಮತಿಗೆ ದಿನಗಟ್ಟಲೆ ಕಾಯುತ್ತಿದ್ದ. ಅದಾದ ಮೇಲೆ ಒಂದೇ ಅರ್ಜಿ, ಕೆಲವೇ ನಿಮಿಷ. 1989! ನಮ್ಮ ಊರಲ್ಲಿ ಆಗ ದೂರವಾಣಿ ಇದ್ದ ಮನೆಗೆ ಮರ್ಯಾದೆ ಹೆಚ್ಚು. ಅವರು ಮೊದಲು ಕಾಗದವನ್ನು ಓಡಿಸಿದರು, ಸರಕು ಅದರ ಹಿಂದೆ ತಾನಾಗಿ ಓಡಿತು. ಹೇಳಿದ ದಿನಕ್ಕೆ ಬಂತು!

"ಸಿಂಗಾಪುರ ಚಿಕ್ಕ ದೇಶ, ಅವರಿಗೆ ಸುಲಭ" ಎಂದು ಇನ್ನೊಬ್ಬರು. ಚಿಕ್ಕದಾದರೆ ಸಾಕೆಂದಿದ್ದರೆ ಕಾಸರಗೋಡು ಏಕೆ ಆಗಲಿಲ್ಲ? ನಮ್ಮ ಜಿಲ್ಲೆಯಲ್ಲಿ ಎರಡೂವರೆ ಸಿಂಗಾಪುರ ಹಿಡಿಸಿದ ಮೇಲೂ ಆಟದ ಬಯಲಿಗೆ ಜಾಗ ಉಳಿಯುತ್ತದೆ. ವಿಶ್ವಬ್ಯಾಂಕಿನ ಲಾಜಿಸ್ಟಿಕ್ಸ್, ಎಂದರೆ ಸರಕು ಸಾಗಣೆಯ ಸೂಚ್ಯಂಕದಲ್ಲಿ 2018ರಲ್ಲಿ ಮೊದಲು ಬಂದದ್ದು ಜರ್ಮನಿ. ಅದೂ ಚಿಕ್ಕದೇ?

ಸ್ವಲ್ಪ ತಾಳಿ, ಒಂದು ಪ್ರಕಟಣೆ. ನಮ್ಮ ಅತ್ತೆ ಮಾಡಿದ ಹಲಸಿನ ಹಪ್ಪಳ ಈ ವರ್ಷವೂ ಇದೆ. ಬೇಕಾದವರು ವಿವರಣೆಯಲ್ಲಿರುವ ಸಂಖ್ಯೆಗೆ ಬರೆಯಿರಿ. ಯಾವಾಗ ತಲುಪುತ್ತದೆ ಎಂದು ಮಾತ್ರ ದಯವಿಟ್ಟು ಕೇಳಬೇಡಿ.

ಎಲ್ಲಿದ್ದೆ? ಹಾಂ, ಸೂಚ್ಯಂಕ. ಅದೇ ಸೂಚ್ಯಂಕದಲ್ಲಿ ಭಾರತ 2018ರಲ್ಲಿ 44ನೆಯದು, 2023ರಲ್ಲಿ 139 ದೇಶಗಳ ನಡುವೆ 38ನೆಯದು. 2022ರಲ್ಲಿ ನಮ್ಮ ಬಂದರುಗಳಲ್ಲಿ ಕಂಟೇನರ್ ಸರಾಸರಿ 3 ದಿನ ನಿಂತಿತು, ಸಿಂಗಾಪುರದಲ್ಲೂ ಅಷ್ಟೇ, ಅಮೆರಿಕದಲ್ಲಿ 7 ದಿನ ಎಂದು ಅದೇ ವರದಿ ಹೇಳುತ್ತದೆ. ಇದನ್ನು ನೀವು ನನ್ನ ಮುಖಕ್ಕೆ ಎಸೆಯುತ್ತೀರಿ ಎಂದು ಗೊತ್ತಿತ್ತು, ನಾನೇ ಮೊದಲು ಹೇಳಿಬಿಟ್ಟೆ. ಬಂದರಿನ ಗೇಟು ದಾಟಿತು, ಸಂತೋಷ. ಗೇಟು ದಾಟಿದ ಮೇಲೆ ಬೆಂಗಳೂರು, ಕೊಚ್ಚಿ ಎಂದು ತೀರ್ಥಯಾತ್ರೆ ಹೊರಟರೆ?

ವಿಶಾಖಪಟ್ಟಣದ ಕಥೆಯನ್ನೂ ಕೇಳಿ. ಅಲ್ಲಿ 2015ರಲ್ಲಿ ಸರಕು 32.4 ದಿನ ಬಿದ್ದಿರುತ್ತಿತ್ತು, 2019ಕ್ಕೆ ಅದು 5.3 ದಿನಕ್ಕೆ ಇಳಿಯಿತು. ವಿಶ್ವಬ್ಯಾಂಕ್ ಇದರ ಶ್ರೇಯವನ್ನು ಸರಕಿನ ಜಾಡು ಹಿಡಿಯುವ ವ್ಯವಸ್ಥೆಗೆ ಕೊಟ್ಟಿದೆ. ಕಂಟೇನರಿಗೆ ರೇಡಿಯೋ ಅಲೆಯಿಂದ ಗುರುತು ಹೇಳುವ ಒಂದು ಆರ್‌ಎಫ್‌ಐಡಿ ಚೀಟಿ ಹಚ್ಚಿದರು, ಅದು ಎಲ್ಲಿ ಮಲಗಿದೆ ಎಂದು ಎಲ್ಲರಿಗೂ ಕಾಣಿಸಿತು. ಮಲಗಿರುವುದು ಕಂಡರೆ ಎಬ್ಬಿಸಲೇಬೇಕಲ್ಲ.

ಆದರೆ ಜಾಡು ತೋರಿಸುವುದು ಬೇರೆ, ನಿಜ ಹೇಳುವುದು ಬೇರೆ. ನನ್ನ ವಾಷರಿಗೂ ಜಾಡು ಇತ್ತು. "ಇಂದು ತಲುಪಲಿದೆ" ಎಂದು ಮೂರು ದಿನ ತೋರಿಸಿತು. ಯಕ್ಷಗಾನದ ಬಣ್ಣದ ವೇಷ ತೆರೆಯ ಹಿಂದೆ ಆರ್ಭಟ ಕೊಟ್ಟ ಹಾಗೆ! ಚೆಂಡೆ ಬಾರಿಸಿದ್ದೇ ಬಾರಿಸಿದ್ದು, ತೆರೆ ಅಲುಗಿದ್ದೇ ಅಲುಗಿದ್ದು, ವೇಷ ಮಾತ್ರ ಹೊರಗೆ ಬರಲಿಲ್ಲ. ಮೂರನೆಯ ದಿನ ಮರ ಏರುವವನು ಪೆರ್ಲದ ಕಡೆ ಬೇರೆ ತೋಟಕ್ಕೆ ಹೋದ. ಹೇಳಿದ ದಿನಕ್ಕೆ ಬರಬೇಕು ಮಾರಾಯರೇ, ಹೇಳಿದ ದಿನಕ್ಕೆ!

ಹೆದ್ದಾರಿಯ ವಿಷಯ. ಕರ್ನಾಟಕದ ಗಡಿಯ ತಲಪಾಡಿಯಿಂದ ನಮ್ಮ ಜಿಲ್ಲೆಯ ಚೆಂಗಳದವರೆಗೆ 39 ಕಿಲೋಮೀಟರ್ ಆರು ಪಥ. ಚೆನ್ನಾಗಿದೆ, ನಾನೂ ಓಡಾಡುತ್ತೇನೆ. ಆದರೆ 2020ರ ಮಾರ್ಚಿನಲ್ಲಿ, ಕೊರೊನಾ ಕಾಲದಲ್ಲಿ, ಇದೇ ತಲಪಾಡಿಯಲ್ಲಿ ಗಡಿ ಮುಚ್ಚಿ, ಒಳರಸ್ತೆಗಳಿಗೆ ಮಣ್ಣು ಸುರಿದಾಗ ಆಂಬುಲೆನ್ಸ್ ಕೂಡ ಆಚೆ ಹೋಗಲಿಲ್ಲ. 40 ಕಿಲೋಮೀಟರ್ ಎಷ್ಟು ದೂರವಾಗಬಲ್ಲದು ಎಂದು ಅಂದು ನೋಡಿದೆವು. ಈಗ ಮಣ್ಣಿಲ್ಲ. 2017ರಲ್ಲಿ ಜಿಎಸ್‌ಟಿ ಬಂದ ಮೇಲೆ ತೆರಿಗೆ ಚೆಕ್‌ಪೋಸ್ಟಿನ ಲಾರಿ ಸಾಲೂ ಇಲ್ಲ. ಆದರೂ ಯಾವುದೋ ಕಂಪ್ಯೂಟರಿನ ಒಳಗೆ ಒಂದು ಗಡಿಗೋಡೆ ಉಳಿದುಕೊಂಡಿದೆ, ನನ್ನ ವಾಷರ್ ಅದಕ್ಕೇ ಹೋಗಿ ಡಿಕ್ಕಿ ಹೊಡೆಯಿತು.

ಮಂಗಳೂರು ಕಡೆಯ ಪತ್ರಿಕೆಯ ಕಟ್ಟು ಹೇಗೆ ಬರುತ್ತದೆ? ಬೆಳಕು ಹರಿಯುವ ಮುಂಚೆ ಕುಂಬಳೆ ಪೇಟೆಯಲ್ಲಿ ದೊಪ್ಪೆಂದು ಬೀಳುತ್ತದೆ. ಜಡಿಮಳೆಯಲ್ಲೂ ಬೀಳುತ್ತದೆ. ಮೀನು ಬರುತ್ತದೆ, ಮಲ್ಲಿಗೆ ಬರುತ್ತದೆ; ತಡವಾದರೆ ಮೀನು ನಾರುತ್ತದೆ, ಮಲ್ಲಿಗೆ ಬಾಡುತ್ತದೆ, ನಿನ್ನೆಯ ಪತ್ರಿಕೆಯಲ್ಲಿ ಕಡಲೆ ಕಟ್ಟುತ್ತಾರೆ. ವಾಷರ್ ನಾರುವುದಿಲ್ಲ, ಅದೇ ಅದರ ತಪ್ಪು! ಎಲ್ಲ ಪಾರ್ಸೆಲಿನ ಒಳಗೂ ಒಂದೊಂದು ಬಂಗುಡೆ ಇಡಬೇಕು. ನಗಬೇಡಿ, ಗಂಭೀರವಾಗಿಯೇ ಹೇಳುತ್ತಿದ್ದೇನೆ. ರಾಷ್ಟ್ರೀಯ ಲಾಜಿಸ್ಟಿಕ್ಸ್ ನೀತಿ 2022ರಲ್ಲಿ ಬಂತು, ಅದರಲ್ಲಿ ಬಂಗುಡೆಯ ಮಾತೇ ಇಲ್ಲ.

ಇನ್ನೂ ನಾಲ್ಕು ಕಾರಣ ಬರೆದುಕೊಂಡಿದ್ದೆ, ಆ ಹಾಳೆ ಎಲ್ಲೋ ಹಪ್ಪಳದ ಪೊಟ್ಟಣದ ಜೊತೆ ಹೋಗಿದೆ. ಕಾರಣ ಎಷ್ಟಾದರೇನು, ಮಾತು ಒಂದೇ ತಾನೇ? ಹೇಳಿದ ದಿನಕ್ಕೆ ಬರಬೇಕು!

ಪಂಪು ಏನಾಯಿತು ಎಂದು ಕೇಳುತ್ತೀರಲ್ಲ. ಏಳನೆಯ ದಿನ ಪಕ್ಕದ ಮನೆಯ ಮಾಮ ಹಳೆಯ ಸೈಕಲ್ ಟ್ಯೂಬಿನಿಂದ ಉರುಟಾಗಿ ಒಂದು ತುಂಡು ಕತ್ತರಿಸಿ ಕೂರಿಸಿದರು. ಪಂಪು ಓಡಿತು. ಎಂಟನೆಯ ದಿನ ಬಂದ ವಾಷರ್ ಒಂದು ಸುತ್ತು ದೊಡ್ಡದು. ವಾಪಸು ಕಳಿಸಿ ಎನ್ನುತ್ತಾರೆ. ಇನ್ನೊಮ್ಮೆ ಕೊಚ್ಚಿಯೇ? ಬೇಡ, ಇಲ್ಲೇ ಮೊಳೆಗೆ ನೇತು ಹಾಕಿದ್ದೇನೆ.

ಚಾನೆಲಿಗೆ ಚಂದಾದಾರರಾಗಿ, ಗಂಟೆ ಒತ್ತಿ. ಓ, ಇಲ್ಲೊಂದು ಕಮೆಂಟ್: "ಭಾನುವಾರ ಬರುತ್ತದೆ ಎಂದ ಸಂಚಿಕೆ ಬುಧವಾರವೂ ಬಂದಿಲ್ಲವಲ್ಲ?"

ಕರೆಂಟ್ ಇರಲಿಲ್ಲ. ಅದು ಬೇರೆ ವಿಷಯ.