ಒಂಟಿ ಪರಮಾಣುವಿನ ಸ್ಟೇಷನ್

ಕೇಳುಗರಿಗೆ ನಮಸ್ಕಾರ. ಅಂಗಳದಲ್ಲಿ ಅಡಿಕೆ ಸುಲಿಯುತ್ತಾ ಕೇಳುತ್ತಿರುವವರಿಗೂ, ಬದಿಯಡ್ಕ, ಪೆರ್ಲ, ಮಂಜೇಶ್ವರದ ಕನ್ನಡ ಮಾಧ್ಯಮದ ಮಕ್ಕಳಿಗೂ ಇವತ್ತು ಒಂದೇ ಮಾತು ಹೇಳಲಿಕ್ಕಿದೆ. ಕಾಂತಗುಣ ಇರುವ ಪರಮಾಣುವಿಗೆ ಅದರದ್ದೇ ಫ್ರೀಕ್ವೆನ್ಸಿ ಇರುತ್ತದೆ. ರೇಡಿಯೋದಲ್ಲಿ ಸ್ಟೇಷನ್ ಹಿಡಿದ ಹಾಗೆ ಅದನ್ನು ಹಿಡಿದರೆ, ಒಂದೇ ಒಂದು ಪರಮಾಣು ಉತ್ತರ ಕೊಡುತ್ತದೆ!

ಇದಕ್ಕೆ ಬೇಕಾದ ಸೂಕ್ಷ್ಮದರ್ಶಕವನ್ನು 1981ರಲ್ಲಿ ಬಿನ್ನಿಗ್ ಮತ್ತು ರೋರರ್ ಎಂಬ ವಿಜ್ಞಾನಿಗಳು ಮಾಡಿದರು. ಲೆನ್ಸ್ ಇಲ್ಲ, ಚೂಪಾದ ಲೋಹದ ಸೂಜಿ ಅಷ್ಟೇ. ಅದು ಕೆಳಗಿನ ಪರಮಾಣುವಿಗೆ ತಾಗುವುದಿಲ್ಲ. ಆದರೂ ನಡುವಿನ ಸಂದಿಯನ್ನು ಎಲೆಕ್ಟ್ರಾನ್‌ಗಳು ದಾಟುತ್ತವೆ, ಸಣ್ಣ ಕರೆಂಟು ಹರಿಯುತ್ತದೆ. 2015ರಲ್ಲಿ ಕ್ಯಾಲಿಫೋರ್ನಿಯಾದ ಐಬಿಎಂ ಪ್ರಯೋಗಾಲಯದವರು ಈ ಸೂಜಿಗೇ ಮೈಕ್ರೋವೇವ್, ಅಂದರೆ ರೇಡಿಯೋ ಅಲೆಯಂಥದ್ದೇ ಅಲೆ, ಕೊಟ್ಟರು. ಕೆಳಗೆ ಇದ್ದದ್ದು ಒಂದು ಕಬ್ಬಿಣದ ಪರಮಾಣು. ಫ್ರೀಕ್ವೆನ್ಸಿ ತಿರುಗಿಸುತ್ತಾ ಹೋದರು. ಸರಿಯಾದ ಜಾಗ ಬಂದಾಗ ಪರಮಾಣುವಿನ ಪುಟ್ಟ ಕಾಂತ ಮಗುಚಿತು, ಕರೆಂಟು ಬದಲಾಯಿತು. ಮೊದಲೆಲ್ಲ ಇಂಥ ಅಳತೆಗೆ ಕೋಟಿಗಟ್ಟಲೆ ಪರಮಾಣುಗಳು ಒಟ್ಟಿಗೆ ಬೇಕಾಗುತ್ತಿತ್ತು.

ಒಂದು ಶಾಲೆಯಲ್ಲಿ ಇದನ್ನು ಹೇಳುತ್ತಿದ್ದೆ. ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಎದ್ದು ನಿಂತಳು. "ಮಾಷ್ಟ್ರೇ, ಮೈಕ್ರೋವೇವ್ ಅಂದ್ರೆ ಅನ್ನ ಬಿಸಿ ಮಾಡುವುದಲ್ವಾ? ಪರಮಾಣು ಸುಟ್ಟು ಹೋಗುವುದಿಲ್ವಾ?" ಉಳಿದವರು ನಕ್ಕರು. ನನಗೆ ನಕ್ಕವರ ಮೇಲೆ ಸಿಟ್ಟು ಬಂತು. ಎಷ್ಟು ಒಳ್ಳೆಯ ಪ್ರಶ್ನೆ! ಅಡುಗೆಮನೆಯ ಮೈಕ್ರೋವೇವ್ ಒಲೆ ನೂರಾರು ವಾಟ್ ಶಕ್ತಿಯನ್ನು ಅನ್ನದೊಳಗಿನ ನೀರಿಗೆ ಸುರಿಯುತ್ತದೆ. ಇಲ್ಲಿ ಸೂಜಿಯ ತುದಿಗೆ ಬರುವುದು ಕೆಲವೇ ಮಿಲಿವೋಲ್ಟ್. ಪರಮಾಣು ಇರುವುದೋ ಮೈನಸ್ 272 ಡಿಗ್ರಿಯ ಚಳಿಯಲ್ಲಿ. ಬಿಸಿಯಾದರೆ ಅದು ಇದ್ದಲ್ಲಿ ನಿಲ್ಲುವುದೇ ಇಲ್ಲ.

ಅವಳು ಕೂರಲಿಲ್ಲ. "ಹಾಗಾದ್ರೆ ಪಕ್ಕದಲ್ಲಿ ಇನ್ನೊಂದು ಪರಮಾಣು ಇದ್ರೆ?" ಅಂದಳು. ನೋಡಿ, ವಿಜ್ಞಾನಿಗಳು ಕೇಳಿಕೊಂಡದ್ದೂ ಇದನ್ನೇ! ಪಕ್ಕದ ಕಾಂತ ತಲೆ ಮೇಲೆ ಮಾಡಿದರೆ ಕಬ್ಬಿಣದ ಫ್ರೀಕ್ವೆನ್ಸಿ ಒಂದು ಕಡೆ ಸರಿಯುತ್ತದೆ, ಕೆಳಗೆ ಮಾಡಿದರೆ ಇನ್ನೊಂದು ಕಡೆ. 2017ರಲ್ಲಿ ಹೋಲ್ಮಿಯಂ ಎಂಬ ಲೋಹದ ಪರಮಾಣುವಿನಲ್ಲಿ ಕಾಂತದ ತಲೆ ಮೇಲೋ ಕೆಳಗೋ ಎಂಬ ರೂಪದಲ್ಲಿ ಬರೆದಿಟ್ಟ ಮಾಹಿತಿಯನ್ನು ಪಕ್ಕದ ಕಬ್ಬಿಣದ ಪರಮಾಣು ಹೀಗೆಯೇ ಓದಿ ಹೇಳಿತು. ಮತ್ತೆ ಅದೇ ಮಾತು: ಫ್ರೀಕ್ವೆನ್ಸಿ ಹಿಡಿಯಿರಿ, ಒಂಟಿ ಪರಮಾಣು ಉತ್ತರ ಕೊಡುತ್ತದೆ.

ಸಮಯ ಆಗುತ್ತಾ ಬಂತು. ಪರಮಾಣುವಿನ ಒಳಗಿನ ನ್ಯೂಕ್ಲಿಯಸ್ಸಿನ ಕಾಂತವನ್ನೂ ಹೀಗೆ ಅಳೆದಿದ್ದಾರೆ. ದಕ್ಷಿಣ ಕೊರಿಯಾದ ಸೋಲ್‌ನಲ್ಲಿ ಭೌತವಿಜ್ಞಾನಿ ಹೈನ್ರಿಕ್ ಅವರ ತಂಡ 2023ರಲ್ಲಿ ಟೈಟಾನಿಯಂ ಪರಮಾಣುಗಳನ್ನು ಕ್ಯೂಬಿಟ್‌ಗಳಾಗಿ, ಅಂದರೆ ಕ್ವಾಂಟಂ ಕಂಪ್ಯೂಟರಿನ ಮಾಹಿತಿಯ ಮೂಲ ಘಟಕಗಳಾಗಿ, ನಡೆಸಿ ತೋರಿಸಿತು. ಪ್ಲಸ್ ಟು ಮಕ್ಕಳೇ, ಪರಮಾಣುವಿನ ಈ ಪುಟ್ಟ ಕಾಂತಕ್ಕೆ ಕಾರಣವಾದ ಎಲೆಕ್ಟ್ರಾನ್ ಸ್ಪಿನ್ನಿನ ಪುಟವನ್ನು ಪರೀಕ್ಷೆಗೆ ಬರುವುದಿಲ್ಲ ಅಂತ ಸುಮ್ನೆ ಹಾರಿಸಬೇಡಿ. ನಮಸ್ಕಾರ.